ಪಕ್ಕದ ಹಲ್ಲಿನ ಅಗಲ

ಹುಡುಗಿಯರ ಹಾಸ್ಟೆಲ್, ಚಿತ್ರದುರ್ಗ
17 ನವೆಂಬರ್ 2024, ಭಾನುವಾರ

ಪ್ರೀತಿಯ ಆತಿಕಾ,

ಕ್ಷಮಿಸು ಕಣೇ. ಕೈಯಲ್ಲಿ ಫೋನ್ ಇಟ್ಟುಕೊಂಡು ಕಾಗದ ಬರೆಯುತ್ತಿದ್ದೇನೆ, ಅದೂ ಹೋದ ವಾರ ಶನಿವಾರವಷ್ಟೇ ನೀನು ನಮ್ಮ ಕಾಲೇಜು ನೋಡಿಕೊಂಡು ಹೋದ ಮೇಲೆ. ಹೊಸದುರ್ಗದ ವಸತಿ ಶಾಲೆಯಲ್ಲಿ ಭಾನುವಾರವೆಂದರೆ ಮನೆಗೆ ಕಾಗದ ಬರೆಯುವ ದಿನ ತಾನೇ? ಅಲ್ಲಿ ಇಬ್ಬರೂ ಒಂದೇ ಡೆಸ್ಕಿನಲ್ಲಿ ಕುಳಿತು ಬರೆದೂ ಬರೆದೂ ಕೈಗೆ ಅದೇ ರೂಢಿ. ಅಲ್ಲದೆ ಈ ವಿಷಯ ಫೋನಿನಲ್ಲಿ ಹೇಳಿದರೆ ನೀನು ನಗುತ್ತೀಯ. ನಗಬಾರದು ಅಂತಲೇ ಬರೆಯುತ್ತಿರುವುದು.

ಬಿಡಿಎಸ್ ಮೊದಲ ವರ್ಷ ಅಂದರೆ ಏನೋ ಅಂದುಕೊಂಡಿದ್ದೆ. ಮೇಣ ಕೆತ್ತುವುದು, ಅಷ್ಟೇ. ಮೇಣದ ತುಂಡಿನಲ್ಲಿ ಹಲ್ಲು ಕೆತ್ತಿ ಶಾಂತಿ ಮೇಡಂ ಮುಂದೆ ಇಡಬೇಕು. ಅವರು ಕನ್ನಡಕ ಮೇಲೆತ್ತಿ, "ಏನಮ್ಮ ಅನುಪಮಾ, ಇದು ಹಲ್ಲೋ ಸಲಿಕೆಯೋ? ಮತ್ತೆ ಮಾಡ್ಕಂಡ್ ಬಾ" ಅಂತ ಅದನ್ನು ಡಬ್ಬಕ್ಕೆ ಹಾಕುತ್ತಾರೆ. ಡಬ್ಬದ ಮೇಣವನ್ನೆಲ್ಲ ಕರಗಿಸಿ ಮತ್ತೆ ನಮಗೇ ಕೊಡುತ್ತಾರೆ. ನನ್ನ ಹಲ್ಲೇ ನನಗೆ ಎಷ್ಟು ಸಲ ವಾಪಸು ಬಂದಿದೆಯೋ.

ನೀನು ಬಂದ ದಿನ ಹೌಸ್ ಸರ್ಜನ್ ಹನುಮೇಶ್ ಸರ್ ನಮಗೆ ಅಚ್ಚು ತೆಗೆಯುವುದನ್ನು ತೋರಿಸಲು ಒಂದು ಬಾಯಿ ಹುಡುಕುತ್ತಿದ್ದರಲ್ಲ, ನೀನೇ ಹೋಗಿ ಕುರ್ಚಿಯಲ್ಲಿ ಕುಳಿತುಬಿಟ್ಟೆ. ಬಾಯಿ ತುಂಬ ಗುಲಾಬಿ ಹಿಟ್ಟು ತುಂಬಿಸಿಕೊಂಡು, ಜೊಲ್ಲು ಸುರಿಸಿಕೊಂಡು ಅಲ್ಲೂ ನಗುತ್ತಿದ್ದೆ. ಆ ಅಚ್ಚಿಗೆ ಪ್ಲಾಸ್ಟರ್ ಸುರಿದು ನಿನ್ನ ಹಲ್ಲಿನ ಮಾದರಿ ತೆಗೆದರು. ಇಲ್ಲಿ ಅದಕ್ಕೆ ಕಾಸ್ಟ್ ಅನ್ನುತ್ತಾರೆ. ನೀನು ಬಸ್ಸು ಹತ್ತಿದ ಮೇಲೆ ನಡೆದದ್ದು ನಿನಗೆ ಗೊತ್ತಿಲ್ಲ. ಸರ್ ಅದನ್ನು ಕೈಯಲ್ಲಿ ಎತ್ತಿ ಹಿಡಿದು, "ಲೇ, ಬರ್ರೋ ಇಲ್ಲಿ! ಹಲ್ಲು ಅಂದ್ರೆ ಇವು ನೋಡ್ರಿ. ಏನ್ ಸ್ಮೈಲ್ ಐತೆ ಆ ಹುಡುಗೀದು!" ಅಂದರು. ಈಗ ಅದು ಡಿಪಾರ್ಟ್‌ಮೆಂಟಿನ ಗಾಜಿನ ಬೀರುವಿನಲ್ಲಿದೆ, ಕೆಳಗೆ ಚೀಟಿ ಅಂಟಿಸಿದ್ದಾರೆ. ನಾನು ಕೆತ್ತಿದ ಒಂದೂ ಆ ಬೀರುವಿನೊಳಗೆ ಹೋಗಿಲ್ಲ. ಅದಿರಲಿ.

ವಿಷಯ ಇದು. ಸುಂದರವಾದ ನಗುವಿಗೆ ಒಂದು ಲೆಕ್ಕವಿದೆ, ಗೋಲ್ಡನ್ ಪ್ರಪೋರ್ಷನ್ ಅಂತ. ಮುಂದಿನ ದೊಡ್ಡ ಹಲ್ಲಿನ ಅಗಲ ನೂರು ಅಂದುಕೋ, ಅದರ ಪಕ್ಕದ ಹಲ್ಲಿನದು ಅರವತ್ತೆರಡು ಇರಬೇಕು. ಕೋರೆಹಲ್ಲು ಅದಕ್ಕಿಂತಲೂ ಕಿರಿದು. ನಮಗಿನ್ನೂ ಈ ಪಾಠ ಆಗಿಲ್ಲ, ಸೀನಿಯರ್ ಪುಸ್ತಕದಲ್ಲಿ ನಾನೇ ಓದಿಕೊಂಡೆ. ಎಲ್ಲರೂ ಊಟಕ್ಕೆ ಹೋದಾಗ ಬೀರು ತೆರೆದು ನಿನ್ನ ಕಾಸ್ಟಿಗೆ ವರ್ನಿಯರ್ ಅಳತೆಗೋಲು ಹಿಡಿದು ನೋಡಿದೆ. ದೊಡ್ಡ ಹಲ್ಲು ಎಂಟೂವರೆ ಮಿಲಿಮೀಟರ್, ಪಕ್ಕದ್ದು ಆರೂವರೆ. ಅಂದರೆ ನೂರಕ್ಕೆ ಎಪ್ಪತ್ತಾರು. ನಿನ್ನ ಪಕ್ಕದ ಹಲ್ಲು ಇರಬೇಕಾದ್ದಕ್ಕಿಂತ ಅಗಲ ಕಣೇ. ಎರಡೂ ಕಡೆ.

ಬೇಜಾರು ಮಾಡಿಕೊಳ್ಳಬೇಡ. ಚೆಂದ ಬೇರೆ, ಪ್ರಪೋರ್ಷನ್ ಬೇರೆ. ಬೇರೆ ಯಾರೂ ಇದನ್ನು ನಿನಗೆ ಹೇಳುವುದಿಲ್ಲ, ಸ್ನೇಹಿತೆಯಾಗಿ ನಾನು ಹೇಳಿದೆ. ದಿನಾ ಸಂಜೆ ಕೇಬಲ್ಲಿನಲ್ಲಿ ಸುದ್ದಿ ಓದುತ್ತೀಯ, ಕೊನೆಗೆ ನಮಸ್ಕಾರ ಹೇಳುವಾಗ ಬಾಯಿ ತುಂಬ ನಗುತ್ತೀಯ, ಕ್ಯಾಮೆರಾ ಮುಖದ ಹತ್ತಿರವೇ ಇರುತ್ತದೆ. ನಮ್ಮ ಮೆಸ್ಸಿನ ಟಿವಿಗೂ ಅದು ಬರುತ್ತದೆ. ಅದಕ್ಕೆ ಹೇಳಿದೆ, ಅಷ್ಟೇ.

ನಿನ್ನ,
ಅನು

*

ಹಿರಿಯೂರು
8 ಡಿಸೆಂಬರ್ 2024

ಡಾಕ್ಟರ್ ಅನುಪಮಾ ಅವರೇ,

ನಿಮ್ಮ ರಿಪೋರ್ಟ್ ತಲುಪಿತು. ನಗಬಾರದು ಅಂದಿದ್ದೆಯಲ್ಲ, ನಕ್ಕೆ. ಮನೆಯವರಿಗೆಲ್ಲ ಜೋರಾಗಿ ಓದಿ ಹೇಳಿದೆ. ಅಬ್ಬಾ ಕಿಟಕಿಯ ಚೌಕಟ್ಟಿಗೆ ಮರ ನಯ ಮಾಡುತ್ತಿದ್ದವರು ತಲೆ ಎತ್ತಲಿಲ್ಲ. "ಅಗಲ ಜಾಸ್ತಿ ಆಯ್ತಾ? ಉಜ್ಜುಗೊರಡು ಇಲ್ಲೇ ಐತೆ, ಬಾಯಿ ತೆಗಿಯಮ್ಮ" ಅಂದರು. ತಮ್ಮ ಜಮೀರ್ ಎರಡು ದಿನ ನನ್ನನ್ನು "ಎಪ್ಪತ್ತಾರು" ಅಂತಲೇ ಕರೆದ.

ಆಮೇಲೆ ಕನ್ನಡಿ ನೋಡಿಕೊಂಡೆ. ಅಲ್ಲಿಗೆ ತಮಾಷೆ ಮುಗಿಯಿತು ನೋಡು. ನೀನು ಹೇಳುವವರೆಗೂ ನನ್ನ ಬಾಯಲ್ಲಿ ಹಲ್ಲು ಇದ್ದವು, ಅಷ್ಟೇ. ಈಗ ದೊಡ್ಡ ಹಲ್ಲು, ಪಕ್ಕದ ಹಲ್ಲು, ಕೋರೆಹಲ್ಲು ಅಂತ ಒಂದೊಂದೇ ಎದ್ದು ಕಾಣುತ್ತವೆ. ಸ್ಟುಡಿಯೋ ಅಂತ ಕರೆಯುವ ಆ ಸಣ್ಣ ರೂಮಿನಲ್ಲಿ ನನ್ನ ಎದುರಿಗೇ ಒಂದು ಟಿವಿ ಇಟ್ಟಿದ್ದಾರೆ, ನನ್ನ ಮುಖ ನನಗೇ ಕಾಣುತ್ತಿರುತ್ತದೆ. ಸುದ್ದಿ ಓದುವುದು ಬಿಟ್ಟು ಪಕ್ಕದ ಹಲ್ಲನ್ನೇ ನೋಡಿದೆ, "ವಾಣಿವಿಲಾಸ ಸಾಗರದ ನೀರಿನ ಮಟ್ಟ" ಅನ್ನುವಲ್ಲಿ ತೊದಲಿದೆ.

ಈ ವಾರ ತುಟಿ ಬಿಗಿದುಕೊಂಡೇ ನಮಸ್ಕಾರ ಹೇಳಿದ್ದೇನೆ. ನಮ್ಮ ದಾದಿ, ಅಬ್ಬಾನ ಅಮ್ಮ, ನೀನು ಎಲೆಯಡಿಕೆ ಅಜ್ಜಿ ಅಂತ ಕರೆಯುವ ಖಾತುನ್ ಬೀ, ಮನೆಗೆ ಬಂದ ಕೂಡಲೇ ಹಿಡಿದುಕೊಂಡರು: "ಯಾಕೇ, ಯಾರಾದ್ರೂ ತೀರ್ಕಂಡ್ರೇನೇ? ಈರುಳ್ಳಿ ರೇಟ್ ಹೇಳ್ತಾ ಹಂಗ್ಯಾಕ್ ಮುಖ ಮಾಡ್ಕಂಡಿದ್ದೆ?"

ಒಂದು ಮಾತು ಕೇಳುತ್ತೇನೆ. ನೀನು ನಿನ್ನ ಹಲ್ಲು ಅಳೆದುಕೊಂಡೆಯಾ? ಎಷ್ಟು ಬಂತು?

ಮೇಣ ಚೆನ್ನಾಗಿ ಕೆತ್ತು. ನಿನ್ನ ಬಿಳಿ ಕೋಟಿನ ಫೋಟೋವನ್ನು ಅಮ್ಮಿ ಫ್ರಿಜ್ಜಿನ ಮೇಲೆ ಇಟ್ಟಿದ್ದಾರೆ.

ಪ್ರೀತಿಯಿಂದ,
ಆತಿಕಾ

*

ಚಿತ್ರದುರ್ಗ
29 ಡಿಸೆಂಬರ್ 2024

ಪ್ರೀತಿಯ ಆತಿಕಾ,

ಉತ್ತರ ತಡವಾಯಿತು. ಇಂಟರ್ನಲ್ಸ್ ಇದ್ದವು. ಅನಾಟಮಿಯಲ್ಲಿ ಹೇಗೋ ಪಾಸು, ಕಾರ್ವಿಂಗಿನಲ್ಲಿ ಮೇಡಂ ನನ್ನ ಕೋರೆಹಲ್ಲನ್ನು ಇಡೀ ಬ್ಯಾಚಿಗೆ ತೋರಿಸಿ "ಇದು ಯಾವ ಪ್ರಾಣೀದು ಹೇಳ್ರಿ" ಅಂದರು. ನಾನೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕೆ. ನಿನಗೆ ಗೊತ್ತಲ್ಲ ನನ್ನ ಅಭ್ಯಾಸ.

ನೀನು ತುಟಿ ಮುಚ್ಚಿ ನಮಸ್ಕಾರ ಹೇಳುವುದನ್ನು ಮೆಸ್ಸಿನಲ್ಲಿ ನೋಡಿದೆ. ಸುಳ್ಳು ಯಾಕೆ, ಚೆನ್ನಾಗಿಯೇ ಕಾಣುತ್ತದೆ. ಗಂಭೀರವಾಗಿ. ದೊಡ್ಡ ಚಾನೆಲ್ಲಿನವರು ಯಾರು ಹಲ್ಲು ಬಿಟ್ಟುಕೊಂಡು ಸುದ್ದಿ ಓದುತ್ತಾರೆ ಹೇಳು? ಮೊದಲು ನೀನು ಬಂದ ಕೂಡಲೇ ಊಟ ಬಡಿಸುವ ಜಯಕ್ಕ ಸೌಟು ಹಿಡಿದೇ ನಿಂತುಬಿಡುತ್ತಿದ್ದರು, "ನಮ್ ಹಿರಿಯೂರ್ ಹುಡುಗಿ ಬಂತು, ತಡಿಯಮ್ಮ, ನಗೋದೊಂದ್ ನೋಡ್ಬುಟ್ಟು ಸಾರು ಹಾಕ್ತೀನಿ" ಅಂತ. ಈಗ ಸಾರು ಬೇಗ ಬರುತ್ತದೆ.

ಹನುಮೇಶ್ ಸರ್ ನಿನ್ನನ್ನು ಕೇಳಿದರು. ಮೇಲಿನ ಹಲ್ಲಿನ ಕಾಸ್ಟ್ ಮಾತ್ರ ಇದೆ, ಕೆಳಗಿನದೂ ಬೇಕಂತೆ. "ನಿನ್ ಫ್ರೆಂಡ್ ಮತ್ತೆ ಬರಲ್ವೇನಮ್ಮ?" ಅಂದರು. ನಿನಗೆ ಬಿಡುವಿರುವುದಿಲ್ಲ ಅಂತ ನಾನೇ ಹೇಳಿಬಿಟ್ಟೆ. ಸರಿ ತಾನೇ? ಬಿಕಾಂ ಓದು, ಸಂಜೆ ಸ್ಟುಡಿಯೋ, ನಿನಗೆಲ್ಲಿ ಸಮಯ. ನನ್ನ ಹೆಸರು ಅವರಿಗೆ ಇನ್ನೂ ಬಾಯಿಗೆ ಬರುವುದಿಲ್ಲ. "ಆತಿಕಾ ಫ್ರೆಂಡ್" ಅಂತಲೇ ಕರೆಯುತ್ತಾರೆ. ನನ್ನ ಕಾಲೇಜಿನಲ್ಲಿ.

ಚಳಿ ಜಾಸ್ತಿ ಇದೆ. ಊರಿಂದ, ತಾಳ್ಯದಿಂದ, ಅಪ್ಪ ಕಂಬಳಿ ತಂದುಕೊಟ್ಟು ಹೋದರು.

ನಿನ್ನ,
ಅನು

*

ಹಿರಿಯೂರು
19 ಜನವರಿ 2025

ಅನು,

ಗಂಭೀರ ಅಂತ ನೀನು ಬರೆದೆ. ನಮ್ಮ ಕೇಬಲ್ ಓನರ್ ಮೂರ್ತಪ್ಪನವರಿಗೆ ಹಾಗನ್ನಿಸಿಲ್ಲ. ಹೋದ ಸೋಮವಾರ ಕರೆಸಿ ಕೂರಿಸಿಕೊಂಡರು. "ನೋಡಮ್ಮ ಆತಿಕಾ, ಸುದ್ದಿ ಎಲ್ಲರ ಫೋನಲ್ಲೂ ಬರ್ತೈತೆ. ನಮ್ ಚಾನೆಲ್ ಹಾಕ್ಕಳಾದು ನೀನು ನಗ್ತೀಯ ಅಂತ. ಏನಾಗೈತೆ ನಿಂಗೆ?" ಅಂದರು. ಹೇಳಬಾರದು ಅಂದುಕೊಂಡಿದ್ದೆ, ಹೇಳಿಬಿಟ್ಟೆ. ಪಕ್ಕದ ಹಲ್ಲು, ಅರವತ್ತೆರಡು, ಎಪ್ಪತ್ತಾರು, ಎಲ್ಲ.

ಅವರು ತಲೆ ಕೆರೆದುಕೊಂಡು ಒಂದು ದಾರಿ ಹುಡುಕಿದರು. ನಮ್ಮ ಚಾನೆಲ್ಲಿಗೆ ಜಾಹೀರಾತು ಕೊಡುವ ಒಂದು ಹಲ್ಲಿನ ಕ್ಲಿನಿಕ್ ಇದೆ. ಅಲ್ಲಿ ಸ್ಮೈಲ್ ಡಿಸೈನ್ ಅಂತ ಮಾಡುತ್ತಾರಂತೆ. ಮುಂದಿನ ಆರು ಹಲ್ಲುಗಳನ್ನು ಉಜ್ಜಿ ಸಣ್ಣ ಮಾಡಿ, ಮೇಲೆ ಲೆಕ್ಕಕ್ಕೆ ಸರಿಯಾದ ಬಿಳಿ ಹೊದಿಕೆ ಅಂಟಿಸುತ್ತಾರೆ. ನನ್ನಿಂದ ಏನೂ ತೆಗೆದುಕೊಳ್ಳುವುದಿಲ್ಲ, ಮೊದಲು ಹೇಗಿತ್ತು ಆಮೇಲೆ ಹೇಗಾಯಿತು ಅಂತ ನನ್ನ ಮುಖವನ್ನು ಜಾಹೀರಾತಿನಲ್ಲಿ ತೋರಿಸುತ್ತಾರೆ. ಫೆಬ್ರವರಿ ಏಳು, ಶುಕ್ರವಾರ ಅಂತ ಗೊತ್ತಾಗಿದೆ.

ಅಲ್ಲಿನ ಡಾಕ್ಟರು ನನ್ನ ಬಾಯಿ ನೋಡಿ, "ಚೆನ್ನಾಗೇ ಅವೆಯಲ್ಲಮ್ಮ, ಯಾಕೆ ಮಾಡಿಸ್ತೀಯ?" ಅಂದರು. ನಮ್ಮ ಫ್ರೆಂಡ್ ಡೆಂಟಲ್ ಕಾಲೇಜಿನಲ್ಲಿದ್ದಾಳೆ, ಅಳೆದು ನೋಡಿದ್ದಾಳೆ ಅಂತ ನಾನೇ ಹಟ ಮಾಡಿದೆ. ನಿನ್ನ ಮುಂದೆ ಅವರ ಮಾತು ನನಗೆ ಹತ್ತಲಿಲ್ಲ.

ಯಾಕೆ ಅಂತ ಹೇಳಲಾ? ನಿನಗೆ ಸಿಕ್ಕ ಆ ಬಿಡಿಎಸ್ ಸೀಟು ನನಗೂ ಬೇಕಾಗಿತ್ತು. ರಿಸಲ್ಟ್ ಬಂದ ದಿನ ನಿನಗೆ ಪೇಡ ತಿನ್ನಿಸಿ ಓಣಿಯಲ್ಲೆಲ್ಲ ಹಂಚಿಕೊಂಡು ಬಂದೆನಲ್ಲ, ಅವತ್ತು ನಕ್ಕಿದ್ದೂ ಇದೇ ಹಲ್ಲಿನಲ್ಲಿ. ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ನಿನ್ನ ಬಿಳಿ ಕೋಟು ಕಂಡರೆ ನನಗೆ ಆಗುವುದಿಲ್ಲ ಅನು. ಫ್ರಿಜ್ಜಿನ ಮೇಲಿನ ಫೋಟೋವನ್ನು ನಾನು ಆಗಾಗ ಗೋಡೆ ಕಡೆ ತಿರುಗಿಸಿಡುತ್ತೇನೆ, ಅಮ್ಮಿ ನೇರ ಮಾಡುತ್ತಾರೆ. ಆದರೂ ನೀನು ಕಲಿತವಳು, ನಿನಗೆ ಗೊತ್ತಿರುತ್ತದೆ ಅಂತ ನಂಬಿಕೆ.

ಒಂದೇ ಮಾತು ಹೇಳು. ಮಾಡಿಸಲಾ, ಬೇಡವಾ? ಉಜ್ಜುವುದು ಅಂದರೆ ಭಯವಾಗುತ್ತಿದೆ. ನೀನು ಹೂಂ ಅಂದರೆ ಧೈರ್ಯವಾಗಿ ಹೋಗುತ್ತೇನೆ.

ಆತಿಕಾ

*

ಚಿತ್ರದುರ್ಗ
26 ಜನವರಿ 2025

ಆತಿಕಾ,

ಕಾಗದ ಸಿಕ್ಕಿತು. ಇದೆಲ್ಲ ಅವರವರ ವೈಯಕ್ತಿಕ ವಿಷಯ, ನಾನು ಹೇಗೆ ಹೇಳಲಿ. ನಾನಿನ್ನೂ ಫಸ್ಟ್ ಇಯರ್. ಮಾಡಿಸಿಕೊಂಡವರು ಚೆನ್ನಾಗಿಯೇ ಇದ್ದಾರೆ ಅಂತ ಕೇಳಿದ್ದೇನೆ. ನಿನ್ನ ಇಷ್ಟ.

ಇಲ್ಲಿ ಧ್ವಜಾರೋಹಣ ಇತ್ತು, ಬಿಸಿಲಲ್ಲಿ ನಿಂತು ತಲೆನೋವು. ಹೆಚ್ಚು ಬರೆಯಲಾರೆ.

ಅನುಪಮಾ

*

ಚಿತ್ರದುರ್ಗ
4 ಫೆಬ್ರವರಿ 2025, ಮಂಗಳವಾರ

ಆತಿಕಾ,

ಶುಕ್ರವಾರ ಹೋಗಬೇಡ. ಇದನ್ನು ಮೊದಲ ಸಾಲಿನಲ್ಲೇ ಬರೆಯುತ್ತಿದ್ದೇನೆ, ಮಿಕ್ಕಿದ್ದನ್ನು ಓದದೆ ಹರಿದರೂ ಇಷ್ಟು ಗೊತ್ತಾಗಲಿ. ನಿನ್ನ ಹಲ್ಲು ಸರಿಯಾಗಿವೆ. ನನ್ನ ಅಳತೆ ತಪ್ಪು.

ಫೋನ್ ಮಾಡಿದೆ, ನೀನು ಬ್ಲಾಕ್ ಮಾಡಿದ್ದೀಯ. ನಿನ್ನ ಇಷ್ಟ ಅಂತ ಬರೆದವಳಿಗೆ ಅದೇ ಆಗಬೇಕು. ಜಮೀರನಿಗೆ ಮಾಡಿದೆ. ನಿನಗೆ ಹೇಳಿದನಂತೆ, ನೀನು ಕಿವಿಗೇ ಹಾಕಿಕೊಳ್ಳಲಿಲ್ಲವಂತೆ. "ಅನಕ್ಕ, ತಪ್ಪು ಅಂತ ನಾನು ಹೇಳಿದ್ರೆ ನಂಬ್ತಾಳೇನಕ್ಕ? ಬರ್ದಿದ್ದು ನೀನು. ಅಲ್ಲ ಅನ್ನೋದನ್ನೂ ನೀನೇ ಬರ್ದು ಕಳ್ಸು" ಅಂದ. ಹುಡುಗ ಸರಿಯಾಗಿಯೇ ಹೇಳಿದ. ಅಂಚೆಗೆ ಹಾಕಿದರೆ ಶುಕ್ರವಾರ ದಾಟಿಬಿಡುತ್ತದೆ ಅಂತ ಹಿರಿಯೂರು ಬಸ್ಸಿನ ಕಂಡಕ್ಟರ್ ಓಬಯ್ಯನವರ ಕೈಯಲ್ಲಿ ಕೊಡುತ್ತಿದ್ದೇನೆ. ಜಮೀರ್ ಬಸ್ ಸ್ಟ್ಯಾಂಡಿಗೆ ಬಂದು ಇಸಿದುಕೊಳ್ಳುತ್ತಾನೆ.

ನಿನ್ನೆ ಕ್ಲಾಸಿನಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಶಾಂತಿ ಮೇಡಂ ನಿನ್ನ ಕಾಸ್ಟ್ ಹೊರಗೆ ತೆಗೆದು ಪಾಠ ಮಾಡುತ್ತಿದ್ದರು. ಎಲ್ಲರೂ ಅದನ್ನು ಕೈಯಿಂದ ಕೈಗೆ ಕೊಟ್ಟು ನೋಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಮೇಡಂ, ಇದು ಗೋಲ್ಡನ್ ಪ್ರಪೋರ್ಷನ್ನಿಗೆ ಬರುವುದಿಲ್ಲ, ಲ್ಯಾಟರಲ್ ಅಗಲ ಇದೆ. ಬೀರುವಿನಲ್ಲಿ ಇಡುವಂಥದ್ದಲ್ಲ" ಅಂದೆ. ಲ್ಯಾಟರಲ್ ಅಂದರೆ ಅದೇ, ಪಕ್ಕದ ಹಲ್ಲು. ಆ ಬೀರುವಿನಿಂದ ನಿನ್ನನ್ನು ಇಳಿಸಬೇಕಾಗಿತ್ತು ನನಗೆ.

ಮೇಡಂ ಬೈಯಲಿಲ್ಲ. "ಹೌದಾ? ಬಾ ಇಲ್ಲಿ. ಅಳೆದು ತೋರ್ಸು" ಅಂದರು. ವರ್ನಿಯರ್ ಹಿಡಿದೆ. ಆರೂವರೆ ಅಂದೆ.

"ಸರಿ. ನಮ್ ಪುಸ್ತಕದ ಟೇಬಲ್ಲಿನಾಗೆ ಲ್ಯಾಟರಲ್ ಅಗಲ ಎಷ್ಟೈತೆ?"

ಆ ಟೇಬಲ್ ನನಗೆ ಬಾಯಿಪಾಠ. ಮೇಣ ಕೆತ್ತುವುದೇ ಅದನ್ನು ನೋಡಿಕೊಂಡು. "ಆರೂವರೆ ಮೇಡಂ" ಅಂದೆ.

"ಮುಂದಿನ ದೊಡ್ಡ ಹಲ್ಲು?"

"ಎಂಟೂವರೆ."

"ಇದ್ರದ್ದು?"

"ಎಂಟೂವರೆ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮೇಡಂ ಕಾಸ್ಟನ್ನು ಮೇಜಿನ ಮೇಲೆ ನನ್ನ ಕಣ್ಣಿನ ಮಟ್ಟಕ್ಕೆ ಎತ್ತರಿಸಿ ಇಟ್ಟು, ನನ್ನನ್ನು ಎದುರಿಗೆ ದೂರದಲ್ಲಿ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ಸ್ಕೇಲ್ ಹಿಡಿಯಲು ಹೇಳಿದರು. ಅಲ್ಲಿಂದ ನೋಡಿದರೆ ಪಕ್ಕದ ಹಲ್ಲು ಕಿರಿದಾಗಿತ್ತು ಆತಿಕಾ. ಕೋರೆಹಲ್ಲು ಇನ್ನೂ ಕಿರಿದು. ಹಲ್ಲಿನ ಸಾಲು ಹಿಂದಕ್ಕೆ ಬಾಗಿ ತಿರುಗುತ್ತದೆ ನೋಡು. ಅರ್ಧ ತೆರೆದ ಬಾಗಿಲು ಎದುರಿನಿಂದ ಕಿರಿದಾಗಿ ಕಾಣುವುದಿಲ್ಲವೇ, ಹಾಗೆ. ಆ ಅರವತ್ತೆರಡು ಅನ್ನುವುದು ಎದುರಿಗೆ ನಿಂತವರ ಕಣ್ಣಿಗೆ ಕಾಣುವ ಅಗಲಕ್ಕೆ. ನಾನು ಹಲ್ಲಿಗೇ ವರ್ನಿಯರ್ ಕಚ್ಚಿಸಿ ಅಳೆದಿದ್ದೆ. ಹಾಗೆ ಅಳೆದರೆ ಲೋಕದಲ್ಲಿ ಯಾರ ಹಲ್ಲೂ ಪಾಸಾಗುವುದಿಲ್ಲ.

"ಎದುರಿಗೆ ನಿಂತು ನೋಡಿದ್ರೂ ಆ ಲೆಕ್ಕಕ್ಕೆ ಸರಿಯಾಗಿ ಕೂರೋ ಬಾಯಿ ಅಪರೂಪ ಕಣಮ್ಮ" ಅಂದರು ಮೇಡಂ. "ಹಲ್ಲು ಕಳ್ಕಂಡೋರಿಗೆ ಹೊಸದು ಕಟ್ಟೋವಾಗ ಒಂದು ಅಂದಾಜಿಗೆ ಇರ್ಲಿ ಅಂತ ಇಟ್ಕಂಡಿರೋದು ಅದು. ಚೆನ್ನಾಗಿರೋ ಹಲ್ಲಿಗೆ ತಪ್ಪು ಹುಡುಕೋಕಲ್ಲ."

ಅಲ್ಲೇ ಅವರನ್ನು ಕೇಳಿದೆ, ಈ ಲೆಕ್ಕ ನೋಡಿ ಯಾರಾದರೂ ಚೆನ್ನಾಗಿರುವ ಹಲ್ಲು ಉಜ್ಜಿಸಿಕೊಂಡರೆ ಅಂತ. ಹಲ್ಲಿನ ಮೇಲಿನ ಗಟ್ಟಿ ಪದರ ಒಮ್ಮೆ ಹೋದರೆ ಮತ್ತೆ ಬೆಳೆಯುವುದಿಲ್ಲವಂತೆ. ಹೊದಿಕೆ ಸವೆದಾಗ, ಬಿದ್ದಾಗ ಮತ್ತೆ ಹಾಕಿಸಬೇಕು, ಜೀವನಪೂರ್ತಿ. ಬೇಕಾದವರಿಗೆ ಅದು ಒಳ್ಳೆಯದೇ. ನಿನಗೆ ಬೇಕಾಗಿಲ್ಲ.

ನನಗೆ ಮೊದಲೇ ಗೊತ್ತಿತ್ತಾ ಅಂತ ನೀನು ಕೇಳುತ್ತೀಯ. ಕಾಣುವ ಅಗಲ, ಇರುವ ಅಗಲ ಬೇರೆ ಅನ್ನುವುದು ಗೊತ್ತಿರಲಿಲ್ಲ, ನಿಜ. ಆದರೆ ಎಂಟೂವರೆ, ಆರೂವರೆ ಪುಸ್ತಕದ ಅಳತೆ ಅಂತ ಗೊತ್ತಿತ್ತು. ವರ್ನಿಯರಿನಲ್ಲಿ ಓದಿದ ಆ ಕ್ಷಣವೇ ಗೊತ್ತಾಯಿತು. ನಾನು ದಿನಾ ಮೇಣದಲ್ಲಿ ತರಲು ಒದ್ದಾಡುವ ಅಳತೆ ನಿನ್ನ ಬಾಯಲ್ಲಿ ಸುಮ್ಮನೆ ಇತ್ತು, ಓದದೆ, ಕೆತ್ತದೆ. ಅದನ್ನು ಬರೆಯಲಿಲ್ಲ. ನಿನಗೆ ಸೋಲು ಬರುವ ಲೆಕ್ಕ ಯಾವುದಿದೆ ಅಂತ ಹುಡುಕಿ ಅದನ್ನು ಬರೆದೆ. ನಿನ್ನ ಹಲ್ಲು ಅಳೆದುಕೊಂಡೆಯಾ ಅಂತ ನನ್ನನ್ನು ಕೇಳಿದ್ದೆಯಲ್ಲ, ಅಳೆದುಕೊಳ್ಳಲಿಲ್ಲ. ಇನ್ನೊಬ್ಬರದ್ದು ಯಾರದ್ದೂ ಅಳೆಯಲಿಲ್ಲ. ಒಬ್ಬರದ್ದು ಅಳೆದಿದ್ದರೂ ಅವತ್ತೇ ತಪ್ಪು ಗೊತ್ತಾಗುತ್ತಿತ್ತು.

ಆಮೇಲೆ ನಿನ್ನ ಜನವರಿ ಕಾಗದ ಬಂತು. ಉಜ್ಜುತ್ತಾರೆ, ಭಯವಾಗುತ್ತಿದೆ ಅಂತ ಓದಿದೆ. ಬೇಡ ಅಂತ ಬರೆಯಲು ಒಂದು ಪದ ಸಾಕಾಗಿತ್ತು. ಬಚ್ಚಲಲ್ಲಿ ಅತ್ತೆ ಅಂತಲೂ ಓದಿದೆ, ಓದಿ ಖುಷಿಯಾಯಿತು, ನಿನಗೂ ನನ್ನ ಕಂಡರೆ ಹೊಟ್ಟೆಯುರಿ ಇದೆಯಲ್ಲ ಅಂತ. ಆ ಖುಷಿಯಲ್ಲಿ ನಿನ್ನ ಇಷ್ಟ ಅಂತ ಗೀಚಿ ಕಳಿಸಿದೆ. ನಿನಗೆ ಹೊಟ್ಟೆಯುರಿ ಇದ್ದಾಗ ನೀನು ಪೇಡ ಹಂಚಿದೆ. ನಾನು ವರ್ನಿಯರ್ ಹಿಡಿದೆ.

ಮೂರ್ತಪ್ಪನವರು ಮಾತು ಕೊಟ್ಟಾಗಿದೆ ಅಂದರೆ ನನ್ನ ನಂಬರ್ ಕೊಡು, ನಾನೇ ಹೇಳುತ್ತೇನೆ. ಆ ಕ್ಲಿನಿಕ್ಕಿನ ಡಾಕ್ಟರಿಗೂ ಈ ಕಾಗದ ತೋರಿಸು. ಚೆನ್ನಾಗೇ ಅವೆ ಅಂತ ಅವರು ಹೇಳಿದ್ದೇ ಸರಿ, ಡೆಂಟಲ್ ಕಾಲೇಜಿನ ಹುಡುಗಿಗೆ ಅಳೆಯಲು ಬರುತ್ತಿರಲಿಲ್ಲ ಅಂತ ಹೇಳು. ನನ್ನ ಹೆಸರು ಹೇಳಿಯೇ ಹೇಳು. ಶುಕ್ರವಾರ ಬೆಳಗ್ಗೆ ಲ್ಯಾಬ್ ಬಿಟ್ಟು ನಾನೂ ಹಿರಿಯೂರಿಗೆ ಬರುತ್ತೇನೆ. ನೀನು ಮನೆಯೊಳಗೆ ಕರೆಯದಿದ್ದರೆ ಅಬ್ಬಾನ ಕೆಲಸದ ಚಪ್ಪರದಲ್ಲಿ ಕುಳಿತಿರುತ್ತೇನೆ.

ಹೊಟ್ಟೆಯುರಿ ಹೋಯಿತು ಅಂತ ಬರೆಯಲಾರೆ. ನೀನು ಮತ್ತೆ ಟಿವಿಯಲ್ಲಿ ಬಾಯಿ ತುಂಬ ನಕ್ಕರೆ ಜಯಕ್ಕ ಸೌಟು ಹಿಡಿದು ನಿಲ್ಲುತ್ತಾರೆ, ನನ್ನ ಹೊಟ್ಟೆ ಉರಿಯುತ್ತದೆ. ಉರಿಯಲಿ. ನಿನ್ನ ಹಲ್ಲು ಇದ್ದ ಹಾಗೆ ಇರಲಿ.

ಓಬಯ್ಯನವರ ಬಸ್ಸು ನಾಳೆ ಬೆಳಗ್ಗೆ ಅಲ್ಲಿಂದ ಹೊರಡುತ್ತದೆ. ಹೋಗುವುದಿಲ್ಲ ಅಂತ ಒಂದು ಸಾಲು ಬರೆದು ಅವರ ಕೈಗೆ ಕೊಡು, ಬೈದಾದರೂ ಬರೆ. ಬೇಗ ಉತ್ತರ ಕಳಿಸು.

ಅನು